ಒಲೆ ಹಚ್ಚದ ಮಧ್ಯಾಹ್ನಗಳು

ಹಾಲೂಡಿಸುವ ತಾಯಿ ನೋಂಬು ಹಿಡಿಯಬಹುದೇ ಎಂದು ಕೇಳುವವರು ಇವತ್ತಿಗೂ ನನ್ನ ಬಳಿ ಬರುತ್ತಾರೆ. ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಮದುವೆ ಹಾಲ್‌ನಲ್ಲಿ ಕೇಳುತ್ತಾರೆ, ಹೆತ್ತು ಮನೆಗೆ ಬಂದ ಹುಡುಗಿಯರು ಫೋನಿನಲ್ಲಿ ಪಿಸುದನಿಯಲ್ಲಿ ಕೇಳುತ್ತಾರೆ. ನಾನು ಡಾಕ್ಟರಲ್ಲ, ಮೌಲವಿಯೂ ಅಲ್ಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಆದರೂ ಕೇಳುತ್ತಾರೆ, ಯಾಕೆಂದರೆ ಆ ಒಂದು ರಂಜಾನಿನಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಕುದ್ರೋಳಿಯ ಅರ್ಧ ಹೆಂಗಸರಿಗೆ ಗೊತ್ತು. ನಾನು ಅವರಿಗೆ ಉತ್ತರ ಕೊಡುವ ಬದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ನೋಂಬಿನ ಮಧ್ಯಾಹ್ನ ಒಲೆ ಹಚ್ಚುತ್ತಾರಾ? ಇದೆಂತಹ ಪ್ರಶ್ನೆ ಎಂದು ಅವರು ನನ್ನ ಮುಖ ನೋಡುತ್ತಾರೆ.

ನಾವು ಬ್ಯಾರಿಗಳು ಉಪವಾಸಕ್ಕೆ ನೋಂಬು ಎನ್ನುತ್ತೇವೆ. ಮನೆಯಲ್ಲಿ ನಮ್ಮ ಮಾತೂ ಬ್ಯಾರಿಯೇ, ಬರೆಯುವಾಗ ಮಾತ್ರ ಕನ್ನಡ. ಆ ವರ್ಷ ರಂಜಾನ್ ಬಂದದ್ದು ಸರೀ ಸೆಕೆಗಾಲದಲ್ಲಿ. ಫ್ಯಾನಿನ ಕೆಳಗೆ ಕೂತರೂ ಬೆನ್ನು ಒದ್ದೆಯಾಗುವ ಕಾಲ. ನನ್ನ ಮಗಳಿಗೆ ಆಗ ಮೂರು ತಿಂಗಳು ತುಂಬಿತ್ತಷ್ಟೆ. ಗಂಡ ಗಲ್ಫಿನಲ್ಲಿ. ನನ್ನ ಹೆತ್ತ ಉಮ್ಮನ ಮನೆ ಸುರತ್ಕಲ್‌ನಲ್ಲಿದ್ದರೂ ಉಮ್ಮನ ಮಂಡಿಯ ಆಪರೇಶನ್ ಆಗಿ ಅವರನ್ನೇ ಎಬ್ಬಿಸಿ ಕೂರಿಸಬೇಕಾದ ಸ್ಥಿತಿ. ಹಾಗಾಗಿ ನಾನು ಕೂಸನ್ನು ಎತ್ತಿಕೊಂಡು ಕುದ್ರೋಳಿಯ ಗಂಡನ ಮನೆಗೆ ಬಂದಿದ್ದೆ. ಆ ಮನೆಯಲ್ಲಿ ಇದ್ದದ್ದು ನಾನು, ಕೂಸು, ಮಾವ ಮತ್ತು ಅತ್ತೆ. ಅತ್ತೆಯನ್ನು ನಾವು ಮಾಮಿ ಎಂದು ಕರೆಯುತ್ತೇವೆ.

ಕೂಸಿನ ವಿಷಯ ಇಲ್ಲೇ ಹೇಳಿಬಿಡಬೇಕು. ಅವಳು ದಿನ ತುಂಬುವ ಮೊದಲೇ ಹುಟ್ಟಿದವಳು. ಅಂಗೈಯಲ್ಲಿ ಎತ್ತಿಕೊಂಡರೆ ಉಳಿದ ಜಾಗವೇ ಹೆಚ್ಚು. ಕಂಕನಾಡಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು. ಅವಳಿಗೆ ಚೀಪುವ ಶಕ್ತಿಯೇ ಇರಲಿಲ್ಲ. ನಾನು ಹಾಲನ್ನು ಹಿಂಡಿ ಬಟ್ಟಲಿಗೆ ತೆಗೆದರೆ, ನರ್ಸ್ ಅದನ್ನು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದರು. ಹಿಂಡಿ ಹಿಂಡಿ ಎದೆ ಹುಣ್ಣಾಗಿತ್ತು. ಒಂದು ದಿನ, ಯಾರೂ ನಿರೀಕ್ಷೆ ಮಾಡದೆ, ಅವಳು ತಾನಾಗಿಯೇ ಬಾಯಿ ಹಾಕಿ ಹಿಡಿದು ಗುಟುಕು ಗುಟುಕಾಗಿ ಕುಡಿದಳು. ಆ ಗುಟುಕಿನ ಸದ್ದು ಕೇಳಿ ನಾನು ವಾರ್ಡಿನಲ್ಲೇ ಜೋರಾಗಿ ಅತ್ತೆ. ಪಕ್ಕದ ಹಾಸಿಗೆಯವರು ಮಗುವಿಗೆ ಏನೋ ಆಯಿತೆಂದು ಎದ್ದು ಬಂದರು. ಡಬ್ಬದ ಹಾಲು ಕುಡಿದು ಬೆಳೆದ ಮಕ್ಕಳು ಬೇಕಾದಷ್ಟಿದ್ದಾರೆ, ಚೆನ್ನಾಗಿಯೇ ಇದ್ದಾರೆ, ನನಗೆ ಗೊತ್ತು. ಆದರೆ ಅಷ್ಟು ಒದ್ದಾಡಿ ಪಡೆದುಕೊಂಡದ್ದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ರಂಜಾನ್ ಚಂದ್ರ ಕಂಡ ಸಂಜೆ ಮಾಮಿ ಎಲ್ಲರೆದುರಿಗೇ ಹೇಳಿದರು.

"ನಿನಗೆ ನೋಂಬು ಬೇಡ ಮೋಳೆ. ಕೂಸು ಉಂಟು. ಮತ್ತೆ ಹಿಡಿದು ತೀರಿಸಿದರೆ ಆಯ್ತು."

ಮೋಳೆ ಎಂದರೆ ಮಗಳೇ ಎಂದು. ಅವರು ಹೇಳಿದ್ದು ನಮ್ಮ ಧರ್ಮದಲ್ಲಿ ಇದ್ದದ್ದೇ. ಮಗುವಿಗೆ ಅಥವಾ ತನಗೆ ತೊಂದರೆಯಾದೀತೆಂಬ ಭಯವಿದ್ದರೆ ಹಾಲೂಡಿಸುವ ತಾಯಿ ನೋಂಬು ಬಿಡಬಹುದು, ಬಿಟ್ಟದ್ದನ್ನು ಮುಂದೆ ಅನುಕೂಲವಾದಾಗ ಹಿಡಿಯಬೇಕು. ಇದು ಎಲ್ಲರಿಗೂ ಗೊತ್ತು, ಮದರಸಾಕ್ಕೆ ಹೋಗುವ ಮಕ್ಕಳಿಗೂ ಗೊತ್ತು. ಎಷ್ಟು ಒಳ್ಳೆಯ ಅತ್ತೆ ಎಂದು ನಾನು ಅವತ್ತು ಗಂಡನಿಗೆ ಫೋನಿನಲ್ಲಿ ಹೊಗಳಿದೆ.

ಮರುದಿನ ಮಧ್ಯಾಹ್ನ ಅಡುಗೆಮನೆಗೆ ಹೋದೆ. ನೆಲ ಒರೆಸಿ ಒಣಗಿತ್ತು. ಗ್ಯಾಸ್ ಒಲೆ ಉಜ್ಜಿ ಹೊಳೆಯುತ್ತಿತ್ತು. ಪಾತ್ರೆಗಳೆಲ್ಲ ಬೋರಲು ಬಿದ್ದಿದ್ದವು. ನೋಂಬಿನ ಮನೆಯಲ್ಲಿ ಬೆಳಗಿನ ಜಾವದ ಅತ್ತಾಳದ ಊಟ ಮುಗಿದ ಮೇಲೆ ಅಡುಗೆಮನೆ ತೊಳೆದು ಮುಚ್ಚಿದರೆ, ಮತ್ತೆ ಒಲೆ ಹಚ್ಚುವುದು ಬಿಸಿಲು ಇಳಿದು ಅಸರ್‌ನ ನಮಾಜಿನ ಬಾಂಗ್ ಕೇಳಿದ ಮೇಲೆ. ಹುಟ್ಟಿದಾಗಿನಿಂದ ನೋಡಿದ್ದೇ. ಆ ಕ್ರಮದಲ್ಲಿ ನೋಂಬು ಬಿಟ್ಟವಳಿಗೆ ಒಂದು ಪಾಲು ಇಲ್ಲವೆಂದು ಆ ದಿನವೇ ಗೊತ್ತಾದದ್ದು. ನೋಂಬು ಬೇಡ ಎಂದರು ಸರಿ, ಅನ್ನ ಎಲ್ಲಿ?

ಮಾಮಿಗೆ ನನ್ನ ಮುಖ ನೋಡಿಯೇ ಅರ್ಥವಾಯಿತು. ಉಗ್ರಾಣದ ಕೋಣೆಗೆ ಕರೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡು ಪತ್ತಿರಿ ಕೊಟ್ಟರು. ಅತ್ತಾಳಕ್ಕೆ ಮಾಡಿದ ಅಕ್ಕಿರೊಟ್ಟಿ, ಆ ಹೊತ್ತಿಗೆ ಚಪ್ಪಲಿಯ ಅಟ್ಟೆ ಆಗಿತ್ತು. "ಇಲ್ಲೇ ತಿನ್ನು, ಮಾವ ಹೊರಗಿದ್ದಾರೆ" ಎಂದು ಬಾಗಿಲು ಸರಿಸಿ ಹೋದರು. ತಿಂಗಳ ಮುಟ್ಟಿನಿಂದ ನೋಂಬಿಗೆ ರಜೆ ಸಿಗುವ ದಿನಗಳಲ್ಲಿ ನಮ್ಮ ಹೆಂಗಸರು ಹೀಗೆಯೇ ತಿನ್ನುವುದು, ಗಂಡಸರಿಗೆ ಗೊತ್ತಾಗಬಾರದೆಂದು ಬಾಗಿಲ ಸಂದಿಯಲ್ಲಿ, ನಿಂತುಕೊಂಡು, ಸದ್ದಿಲ್ಲದೆ. ಆ ಅಭ್ಯಾಸ ಎಷ್ಟು ಗಟ್ಟಿ ಎಂದರೆ ಹಾಲೂಡಿಸುವವಳನ್ನೂ ಅದೇ ಬಾಗಿಲ ಹಿಂದೆ ನಿಲ್ಲಿಸುತ್ತದೆ. ನನಗೆ ಕೂಸು ಹುಟ್ಟಿದ್ದು ಊರಿಗೆಲ್ಲ ಗೊತ್ತು, ಲಾಡು ಹಂಚಿದ್ದಾರೆ. ನಾನು ಯಾರಿಂದ ಅಡಗಿ ತಿನ್ನಬೇಕು? ಅಕ್ಕಿಮುಡಿಗೆ ಒರಗಿ ಪತ್ತಿರಿ ಜಗಿಯುತ್ತಾ ನನಗೆ ಸಿಟ್ಟಿನಿಂದ ಮಂಡೆ ಬೆಚ್ಚವಾಯಿತು.

ಎರಡನೆಯ ದಿನ ನಾನೇ ಕುಕ್ಕರ್ ಇಟ್ಟೆ. ಒಂದು ಹಿಡಿ ಅಕ್ಕಿ, ಒಂದು ಹಿಡಿ ಬೇಳೆ, ಕೇಳಿದ್ದೇನೂ ದೊಡ್ಡದಲ್ಲ. ಕುಕ್ಕರ್ ವಿಶಿಲ್ ಹಾಕಿದ್ದೇ ತಡ, ಎದುರುಮನೆಯ ಹೆಂಗಸಿನ ಕಿಟಕಿ ತೆರೆಯಿತು. ಅವರದು ಒಳ್ಳೆಯ ಮನಸ್ಸು, ಆದರೆ ಕಿವಿ ಅದಕ್ಕಿಂತ ಒಳ್ಳೆಯದು. ಮಾಮಿ ಓಡಿ ಬಂದು ಗ್ಯಾಸ್ ಆಫ್ ಮಾಡಿದರು.

"ಎಂತ ಮಾಡಿದಿ ಮೋಳೆ? ಇನ್ನು ಬೀದಿಗೆಲ್ಲ ಗೊತ್ತಾಗ್ತದೆ."

"ಗೊತ್ತಾದ್ರೆ ಎಂತ ಮಾಮಿ? ನನಗೆ ಕೂಸು ಇರುವುದು ಬೀದಿಗೆ ಗೊತ್ತಿಲ್ವಾ?"

"ಕೂಸಿನದ್ದಲ್ಲ ಮಾರಾಯ್ತಿ. ನೋಂಬಿನ ಮನೆಯಲ್ಲಿ ಹೊತ್ತು ಮಧ್ಯಾಹ್ನ ವಿಶಿಲ್ ಬಿದ್ರೆ ಯಾರಿಗೆ ಬೇಯ್ತಾ ಉಂಟು ಅಂತ ಕೇಳ್ತಾರೆ. ಮಾವನ ಮೂಗಿಗೆ ಅನ್ನದ ವಾಸನೆ ಬಡೀತದೆ. ಬಾಯಿ ಒಣಗಿಸಿ ಕೂತವರಿಗೆ ಹಾಗೆ ಮಾಡ್ಲಿಕ್ಕುಂಟಾ?"

ಮಾವ ಹೊರಗಿನ ಹಾಲ್‌ನಲ್ಲಿ ಕುರ್‌ಆನ್ ಓದುತ್ತಾ ಕೂತಿದ್ದರು. ಅವರು ಬಂದರಿನಲ್ಲಿ ಮೆಣಸು, ಅಡಿಕೆಯ ವ್ಯಾಪಾರ ಮಾಡಿ ಸಾಕಾಗಿ ಮನೆಯಲ್ಲಿ ಕೂತ ಮನುಷ್ಯ. ಬಾಯಲ್ಲಿ ಮಾತು ಕಡಿಮೆ, ಇರುವ ಮಾತೆಲ್ಲ ಸಾರಿನ ಉಪ್ಪಿನ ಬಗ್ಗೆ. ಓದು ಒಂದು ಗಳಿಗೆ ನಿಂತು ಮತ್ತೆ ಮುಂದುವರಿಯಿತು. ಅರೆಬೆಂದ ಅನ್ನವನ್ನು ಮಾಮಿ ಸಂಜೆಯ ಗಂಜಿಗೆ ಸೇರಿಸಿದರು. ನಾನು ಒಂದು ಬಾಳೆಹಣ್ಣು ತಿಂದು ನೀರು ಕುಡಿದು ಮಲಗಿದೆ.

ಮೂರನೆಯ ದಿನ ನನ್ನ ಹಟ ನನ್ನ ಮೇಲೆಯೇ ತಿರುಗಿತು. ಹೇಗೂ ಹಸಿದೇ ಇರುವುದಾದರೆ ಪುಣ್ಯವಾದರೂ ಬರಲಿ ಎಂದು ಅತ್ತಾಳಕ್ಕೆ ಎದ್ದು ಎಲ್ಲರ ಜೊತೆ ಉಂಡು ನೋಂಬಿನ ನಿಯ್ಯತ್, ಅಂದರೆ ಸಂಕಲ್ಪ, ಮಾಡಿಕೊಂಡುಬಿಟ್ಟೆ. ಭಕ್ತಿಯಿಂದ ಹಿಡಿದೆನೆಂದು ಹೇಳಿದರೆ ಸುಳ್ಳಾದೀತು, ಸಿಟ್ಟಿನಿಂದ ಹಿಡಿದ ನೋಂಬು ಅದು. ಮಾಮಿ ಬೇಡವೆನ್ನಲಿಲ್ಲ, ಖುಷಿಯೂ ಪಡಲಿಲ್ಲ.

"ನಾನು ಐದು ಮಕ್ಕಳಿಗೆ ಹಾಲು ಕೊಟ್ಟು ಎಲ್ಲ ನೋಂಬು ಹಿಡಿದಿದ್ದೇನೆ. ಎಂತ ಆಗ್ಲಿಲ್ಲ" ಎಂದರು.

ಈ ಮಾತನ್ನು ಅವರು ಎದುರುಮನೆಯವರಿಗೂ ಹೇಳಿದರು, ಸಮೋಸ ಮಡಚಲು ಬಂದ ನೆಂಟರಿಗೂ ಹೇಳಿದರು. ಪ್ರತಿಸಲ ಹೇಳುವಾಗಲೂ ಬೆನ್ನು ನೇರ ಮಾಡಿಕೊಂಡು ಹೇಳುತ್ತಿದ್ದರು. ಐದು ಮಕ್ಕಳು, ಒಂದೂ ನೋಂಬು ಬಿಡಲಿಲ್ಲ. ಕೇಳಿ ಕೇಳಿ ನನ್ನ ಕಿವಿ ತೂತಾಯಿತು. ಈ ಹೆಂಗಸಿಗೆ ಎಷ್ಟು ಹೆಮ್ಮೆ ನೋಡಿ ಎಂದು ಉಮ್ಮನಿಗೆ ಫೋನಿನಲ್ಲಿ ದೂರಿದೆ. ಉಮ್ಮ, ನೀನು ಮೊದಲು ನೋಂಬು ಬಿಡು, ಮತ್ತೆ ಜಗಳ ಮಾಡು ಎಂದರು. ಉಮ್ಮಂದಿರ ಮಾತು ಕೇಳುವ ವಯಸ್ಸೇ ಅದು? ಬಿಡಲಿಲ್ಲ.

ಮೊದಲು ಏನೂ ಗೊತ್ತಾಗಲಿಲ್ಲ. ಹಾಲು ಇತ್ತು, ಕೂಸು ಕುಡಿಯುತ್ತಿತ್ತು, ಇಷ್ಟೇನಾ ಅಂತ ನನಗೂ ಜಂಬ ಬಂತು. ಆಮೇಲೆ ಮಧ್ಯಾಹ್ನ ಎದ್ದು ನಿಂತರೆ ಕಣ್ಣು ಕತ್ತಲೆ ಬರತೊಡಗಿತು. ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಕೂಸು ಎದೆಗೆ ಬಾಯಿ ಹಾಕಿ ಎರಡು ಗುಟುಕು ಎಳೆದು, ಬಿಟ್ಟು, ತಲೆ ಹಿಂದಕ್ಕೆ ಹಾಕಿ ಅಳುತ್ತಿದ್ದಳು. ಮತ್ತೆ ಹಿಡಿಯುತ್ತಿದ್ದಳು, ಮತ್ತೆ ಬಿಡುತ್ತಿದ್ದಳು. ಒಗೆದು ಹಗ್ಗಕ್ಕೆ ಹಾಕುವ ಲಂಗೋಟಿಗಳು ಕಡಿಮೆಯಾದವು. ಕೆಲಸ ಕಡಿಮೆಯಾಯಿತಲ್ಲ ಎಂದು ಮಾತ್ರ ಅಂದುಕೊಂಡೆ. ಅದು ಕೂಸು ನೆನೆಸುವುದು ಕಡಿಮೆಯಾದದ್ದೆಂದು ನನ್ನ ಮಂಡೆಗೆ ಹೋಗಲಿಲ್ಲ. ಕೊನೆಗೆ ಅವಳು ಅಳುವುದನ್ನೂ ಬಿಟ್ಟು ನಿದ್ದೆಯಲ್ಲೇ ಇರತೊಡಗಿದಳು. ಎಷ್ಟು ಪಾಪದ ಕೂಸು, ರಗಳೆಯೇ ಇಲ್ಲ ಎಂದು ಎಲ್ಲರೂ ಮೆಚ್ಚಿದರು. ನನಗೆ ಮಾತ್ರ ಹೆದರಿಕೆ ಹುಟ್ಟಿತು, ಯಾಕೆಂದರೆ ಗಾಜಿನ ಪೆಟ್ಟಿಗೆಯಲ್ಲಿ ಅವಳು ಹೀಗೆಯೇ ಮಲಗಿರುತ್ತಿದ್ದಳು.

ಕಂಕನಾಡಿಗೆ ತೂಕ ನೋಡಲು ಹೋಗಬೇಕಿತ್ತು. ಮಾವ ಜೊತೆಗೆ ಬಂದರು. ಡಾಕ್ಟರಮ್ಮ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ಕೂಸು ಹುಟ್ಟಿದಂದಿನಿಂದ ನೋಡುತ್ತಿರುವವರು. ತೂಕದ ಯಂತ್ರದಲ್ಲಿ ಕೂಸನ್ನು ಮಲಗಿಸಿ, ಹಿಂದಿನ ಸಲದ್ದನ್ನು ನೋಡಿ, ಮತ್ತೊಮ್ಮೆ ಮಲಗಿಸಿದರು. ಏರುವುದು ಬಿಟ್ಟು ಸ್ವಲ್ಪ ಇಳಿದಿತ್ತು. ಮಗುವಿನ ಬಾಯೊಳಗೆ ಬೆರಳು ಹಾಕಿ ನೋಡಿದರು, ನೆತ್ತಿ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇವತ್ತು ಎಂತ ತಿಂದಿದ್ದೀರಿ?"

"ನೋಂಬು."

"ಮನೆಯಿಂದ ಯಾರು ಬಂದಿದ್ದಾರೆ? ಒಳಗೆ ಕರೀರಿ."

ಮಾವ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ.

"ನೋಡಿ, ಹಾಲು ಕೊಡುವವರೆಲ್ಲ ಉಪವಾಸ ಮಾಡ್ಲೇಬಾರದು ಅಂತ ನಾನು ಹೇಳೋದಿಲ್ಲ" ಎಂದರು. "ನಿಮ್ಮವರೇ ಎಷ್ಟೋ ಜನ ನನ್ನ ಹತ್ರ ಬರ್ತಾರೆ. ತಾಯಿ ಗಟ್ಟಿ ಇದ್ದಾಳೆ, ಮಗು ದೊಡ್ಡದಾಗಿದೆ, ಮೇಲಿಂದ ಗಂಜಿ ರಾಗಿ ತಿನ್ತದೆ, ಅಂಥವರು ಹಿಡೀತಾರೆ, ಹೆಚ್ಚಿನವರಿಗೆ ಎಂತ ಆಗೋದಿಲ್ಲ. ನಾನೂ ನಮ್ಮ ಉಪವಾಸದ ದಿನಗಳಲ್ಲಿ ಬಿಡುವವಳಲ್ಲ. ಆದ್ರೆ ಇವಳು ಹುಟ್ಟಿದ್ದೇ ಇಷ್ಟು. ಇವಳಿಗೆ ನಿಮ್ಮ ಹಾಲು ಬಿಟ್ರೆ ಬೇರೆ ಎಂತದೂ ಇಲ್ಲ. ಈ ಸೆಕೆಯಲ್ಲಿ ನೀವು ಹಗಲಿಡೀ ನೀರು ಕುಡಿಯದೆ ಇದ್ದೀರಿ. ಮೂತ್ರ ಹಳದಿ ಹೋಗ್ತದಾ?"

ಮಾವ ಎದುರಿಗಿದ್ದರು. ನಾನು ತಲೆ ಆಡಿಸಿದೆ.

"ತಲೆ ತಿರುಗ್ತದಾ? ಹಾಗಾದ್ರೆ ಸಾಕು. ಮುಂದಿನ ವಾರ ತೂಕ ಏರಲೇಬೇಕು. ಇಲ್ಲದಿದ್ರೆ ನಾನು ಡಬ್ಬದ ಹಾಲು ಬರೆದುಕೊಡ್ತೇನೆ, ಆಗ ನೀವು ಅಳ್ಬಾರದು. ನಿಮ್ಮಲ್ಲಿ ಬಿಡ್ಲಿಕ್ಕೆ ಆಗ್ತದಲ್ವಾ? ಹೇಳಿದ್ರು ನನಗೆ ಬೇರೆಯವರು."

"ಆಗ್ತದೆ ಡಾಕ್ಟ್ರೇ."

"ಮತ್ತೆ ಯಾಕೆ ಹಿಡಿದ್ರಿ? ಮನೆಯಲ್ಲಿ ಬೇಡ ಅಂತ ಹೇಳ್ಲಿಲ್ವಾ?"

"ಎಲ್ಲರೂ ಬೇಡ ಅಂತಲೇ ಹೇಳಿದ್ದಾರೆ" ಎಂದೆ. ಅಷ್ಟು ಹೇಳಿ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. "ಆದ್ರೆ ಮಧ್ಯಾಹ್ನ ಅಡುಗೆ ಮಾಡೋದಿಲ್ಲ. ಉಗ್ರಾಣದ ಬಾಗಿಲ ಹಿಂದೆ ನಿಂತು ಒಣ ಪತ್ತಿರಿ ತಿನ್ಬೇಕು. ಅದಕ್ಕಿಂತ ನೋಂಬೇ ಆಗ್ಬಹುದು ಅಂತ ಹಿಡಿದೆ."

ಮಾವ ತಮ್ಮ ಚಪ್ಪಲಿ ನೋಡುತ್ತಾ ಕೂತರು. ಡಾಕ್ಟರಮ್ಮ ಎದ್ದು ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟು, ಇಲ್ಲೇ ಕುಡಿಯಿರಿ ಎಂದರು. ಮಾವನ ಎದುರು, ಹಾಡು ಹಗಲು, ರಂಜಾನಿನಲ್ಲಿ. ನಾನು ಕೈಯಲ್ಲಿ ಲೋಟ ಹಿಡಿದು ಅವರನ್ನು ನೋಡಿದೆ. ಅವರು ತಲೆ ಎತ್ತದೆ, "ಕುಡಿ" ಎಂದರು. ಗಂಟಲಲ್ಲಿ ನೀರು ಇಳಿಯುವ ಸದ್ದು ಇಡೀ ಕೋಣೆಗೆ ಕೇಳಿಸುತ್ತಿದೆಯೇನೋ ಎಂದು ನನಗೆ ನಾಚಿಕೆಯಾಯಿತು. ಆದರೂ ಪೂರ್ತಿ ಕುಡಿದೆ.

ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ ಮಾವ ಟೊಪ್ಪಿ ಹಾಕಿಕೊಂಡು ಹೊರಟರು. ನಮಾಜಿಗೆ ಇನ್ನೂ ಹೊತ್ತಿತ್ತು. ಎಲ್ಲಿಗೆ ಎಂದು ಮಾಮಿ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ನಮ್ಮವರ ಹೋಟೆಲುಗಳೆಲ್ಲ ಆ ತಿಂಗಳು ಹಗಲು ಮುಚ್ಚಿರುತ್ತವೆ. ಅವರು ದೇವಸ್ಥಾನದ ದಾರಿಯಲ್ಲಿರುವ ಸಸ್ಯಾಹಾರಿ ಹೋಟೆಲಿಗೆ ಹೋಗಿದ್ದರು. ಕಿಟಕಿಯಿಂದ ನೋಡಿದರೆ, ಬಿಳಿ ಪಂಚೆ, ಬಿಳಿ ಗಡ್ಡ, ಬಿಳಿ ಟೊಪ್ಪಿಯ ಮನುಷ್ಯ ಕೈಯಲ್ಲಿ ಊಟದ ಪಾರ್ಸೆಲ್ ತೂಗಿಸಿಕೊಂಡು ಬೀದಿಯ ನಡುವೆ ಬರುತ್ತಿದ್ದಾರೆ. ಚೀಲವೂ ಪಾರದರ್ಶಕ, ಒಳಗಿನ ಸಾರು ಹೊರಗೆ ಕಾಣುತ್ತಿತ್ತು. ಹಜ್‌ಗೆ ಹೋಗಿ ಬಂದವರು, ಮಸೀದಿಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು. ಮೂಲೆಯ ಅಂಗಡಿಯ ಕಟ್ಟೆಯಲ್ಲಿ ಕೂತವರು ಕೇಳಿಯೇ ಬಿಟ್ಟರು.

"ಎಂತ ಹಾಜಿಯಾರೇ, ನೋಂಬು ಇಲ್ವಾ?"

"ಮನೆಯಲ್ಲಿ ಉಣ್ಣುವವರಿದ್ದಾರೆ" ಎಂದರು ಮಾವ, ನಿಲ್ಲದೆ.

ಕೂಸಿಗೆ ಹಾಲೂಡಿಸುವ ಸೊಸೆಗೆ ಎಂದು ವಿವರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಮನೆಯ ಹೆಂಗಸಿನ ವಿಷಯ ಬೀದಿಯಲ್ಲಿ ಆಡುವವರಲ್ಲ ಅವರು. ಹಾಜಿಯಾರಿಗೆ ಶುಗರ್ ಜಾಸ್ತಿಯಾಗಿದೆಯಂತೆ, ನೋಂಬು ಬಿಟ್ಟಿದ್ದಾರಂತೆ ಎಂದು ಸಂಜೆಯೊಳಗೆ ಸುದ್ದಿಯಾಯಿತು. ಅವರು ಅದನ್ನು ಇಲ್ಲವೆನ್ನಲೂ ಇಲ್ಲ.

ಮನೆಗೆ ಬಂದವರೇ ಪಾರ್ಸೆಲನ್ನು ಹಾಲ್‌ನ ಮೇಜಿನ ಮೇಲಿಟ್ಟು, ತಟ್ಟೆ ಹುಡುಕಲು ಅಡುಗೆಮನೆಗೆ ಹೋದರು. ಅಷ್ಟು ವರ್ಷ ಉಂಡ ಮನೆಯಲ್ಲಿ ತಟ್ಟೆ ಎಲ್ಲಿಡುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಸಾರು ಬಡಿಸುವ ಅಗಲದ ಬೋಗುಣಿಯನ್ನು ತಂದರು.

"ಇಲ್ಲಿ ಕೂತು ಉಣ್ಣು" ಎಂದರು ನನಗೆ. "ಬಾಗಿಲ ಹಿಂದೆ ನಿಂತು ತಿನ್ನೋದು ಬೆಕ್ಕು."

ನನಗೆ ನಗು ಬಂತು, ಅಳುವೂ ಬಂತು. ಅನ್ನ, ಸಾರು, ಅಲಸಂಡೆ ಪಲ್ಯ, ಹಪ್ಪಳ, ಮಜ್ಜಿಗೆ. ನಾನು ಬೋಗುಣಿಗೆ ಸುರಿದುಕೊಂಡು ಉಂಡೆ. ಮಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೀದಿಯಲ್ಲಿ ಮಾನ ಹೋಯಿತೆಂದು ಈಗ ಶುರು ಮಾಡುತ್ತಾರೆ, ಮಾಡಲಿ, ನಾನೂ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ನಮಾಜಿಗೆ ಕೈಕಾಲು ತೊಳೆಯುತ್ತಿದ್ದ ಗಂಡನನ್ನು ನೋಡುತ್ತಿದ್ದರು.

"ನನಗೆ ಐದು ಮಕ್ಕಳಾದವು" ಎಂದರು. ಸ್ವರ ಏರಿಸದೆ, ಅಂಗಡಿಯ ಸಾಮಾನಿನ ವಿಷಯ ಹೇಳುವಷ್ಟೇ ಮೆಲ್ಲಗೆ. "ಹೋಟೆಲಿನ ದಾರಿ ನಿಮಗೆ ಆಗಲೂ ಗೊತ್ತಿತ್ತು. ಒಂದು ದಿನ ತರ್ಲಿಲ್ಲ."

ಮಾವ ನಲ್ಲಿ ನಿಲ್ಲಿಸಿದರು.

"ಆಗ ಉಪ್ಪ ಇದ್ರು" ಎಂದರು. ಉಪ್ಪ ಎಂದರೆ ಅವರ ಅಪ್ಪ.

"ಉಪ್ಪ ಇದ್ರು. ನಾನೂ ಇದ್ದೆ."

ಮಾವ ತೋಳಿನಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ ಮಸೀದಿಗೆ ಹೋದರು. ಮಾಮಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ನನ್ನ ಕೈಯಲ್ಲಿ ಎತ್ತಿದ ತುತ್ತು ಹಾಗೆಯೇ ಇತ್ತು.

"ಉಣ್ಣು, ಉಣ್ಣು" ಎಂದರು. ಆಮೇಲೆ ಅವರಾಗಿಯೇ ಹೇಳಿದರು. "ನನಗೂ ನೋಂಬು ಬೇಡ ಅಂತಲೇ ಹೇಳಿದ್ರು ನನ್ನ ಮಾಮಿ. ಒಳ್ಳೆಯವರೇ ಅವರು. ಅತ್ತಾಳ ಆದ ಮೇಲೆ ಅಡುಗೆಮನೆ ತೊಳೆದು ಬಾಗಿಲು ಎಳೀತಿದ್ರು, ಅಸರ್‌ಗೇ ತೆಗೆಯೋದು. ಮನೆ ತುಂಬಾ ಗಂಡಸರು. ಸೊಸೆಗೆ ಹಸಿವು ಅಂತ ಹೇಳ್ಲಿಕ್ಕೆ ಯಾರ ಹತ್ರ ಹೋಗೋದು? ಹೇಗೂ ಹಸಿದೇ ಇರೋದಲ್ವಾ ಅಂತ ನಿಯ್ಯತ್ ಮಾಡಿಕೊಂಡೆ."

ನನ್ನ ತಲೆಯೊಳಗೆ ಓಡಿದ್ದ ಮಾತು ಅದೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಇಷ್ಟು ದಿನ ಅವರ ಹೆಮ್ಮೆಗೆ ಹಲ್ಲು ಕಡಿಯುತ್ತಿದ್ದೆ. ಆ ಹೆಮ್ಮೆ ಬಿಟ್ಟರೆ ಆ ಮಧ್ಯಾಹ್ನಗಳಿಂದ ಅವರಿಗೆ ಸಿಕ್ಕಿದ್ದಾದರೂ ಏನು? ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು. ಸಿಟ್ಟಿಲ್ಲದೆ ಅವರೆದುರು ಹೇಗೆ ಕೂರಬೇಕೆಂದೇ ತಿಳಿಯದೆ ಮಜ್ಜಿಗೆ ಕುಡಿದೆ.

ಮಾರನೆಯ ದಿನದಿಂದ ಮಾಮಿ ತಾವೇ ಒಲೆ ಹಚ್ಚಿದರು. ಕುಚ್ಚಲಕ್ಕಿಯ ಗಂಜಿ, ಮೆಂತೆ ಹಾಕಿದ ಗಂಜಿ, ತೆಂಗಿನಕಾಯಿ ಚಟ್ನಿ. ಬಾಯಿಗೆ ಹಾಕಿ ಉಪ್ಪು ನೋಡುವಂತಿಲ್ಲವಾದ್ದರಿಂದ ಒಂದು ದಿನ ಕಡಲ ನೀರು, ಒಂದು ದಿನ ಸಪ್ಪೆ. ಎದುರುಮನೆಯವರು ಕಿಟಕಿ ತೆರೆದು, ಎಂತ ಬೇಯಿಸ್ತಾ ಇದ್ದೀರಿ ಎಂದು ಕೇಳಿದರೆ, "ಅನ್ನ. ನಿಮಗೂ ಬೇಕಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸಿದರು. ಗಳಿಗೆಗೊಮ್ಮೆ ನೀರಿನ ಚೆಂಬು ತಂದು ಕುಡಿಯುವವರೆಗೆ ನಿಂತುಕೊಳ್ಳುತ್ತಿದ್ದರು. ಅವರ ತುಟಿ ಒಡೆದು ಬಿಳಿಯಾಗಿರುತ್ತಿತ್ತು. ಅವರೆದುರು ನೀರು ಕುಡಿಯಲು ಸಂಕಟವಾಗಿ ನಾನು ಬೇರೆ ಕಡೆ ತಿರುಗಿದರೆ, "ಎಂತಕ್ಕೆ ಅಡಗ್ತಿ? ನೀನು ಕದ್ದು ಕುಡಿಯೋದಾ?" ಎಂದು ಗದರುತ್ತಿದ್ದರು. ಹಗ್ಗದಲ್ಲಿ ಲಂಗೋಟಿಗಳು ಹೆಚ್ಚಾದವು. ಕೂಸು ಮತ್ತೆ ಮನೆ ಹಾರಿಹೋಗುವ ಹಾಗೆ ಅಳತೊಡಗಿದಳು. ಆ ಅಳು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಳಲಿ ಬಿಡಿ ಎಂದು ಒಂದು ಗಳಿಗೆ ಕೇಳುತ್ತಾ ಕೂರುತ್ತಿದ್ದೆ.

ಮುಂದಿನ ವಾರ ಕಂಕನಾಡಿಗೆ ನಾನು ಬರುತ್ತೇನೆಂದು ಮಾಮಿಯೇ ಹೊರಟರು. ತೂಕದ ಯಂತ್ರದ ಅಂಕಿ ನಿಲ್ಲುವವರೆಗೆ ನಾನು ಅದನ್ನೇ ನೋಡುತ್ತಿದ್ದೆ. ಏರಿತ್ತು. ಬೇಕಾದಷ್ಟೇ ಅಲ್ಲ, ಅದಕ್ಕಿಂತ ಸ್ವಲ್ಪ ಹೆಚ್ಚೇ ಏರಿತ್ತು. ಡಾಕ್ಟರಮ್ಮ ಕೂಸಿನ ಹೊಟ್ಟೆಗೆ ಬೆರಳಿನಿಂದ ತಿವಿದು, "ಕಳ್ಳಿ, ಎಲ್ಲ ಕುಡಿದಿದ್ದಿ ಅಲ್ವಾ?" ಎಂದು ನಕ್ಕರು. ಡಬ್ಬದ ಹಾಲು ಬೇಡ, ಹೀಗೆಯೇ ಮುಂದುವರಿಸಿ, ಬಿಟ್ಟ ನೋಂಬನ್ನು ಕೂಸು ದೊಡ್ಡದಾದ ಮೇಲೆ ತಂಪು ಕಾಲದಲ್ಲಿ ಹಿಡಿಯಿರಿ ಎಂದರು. ನಾನು ಕೂಸಿಗೆ ಅಂಗಿ ಹಾಕಿ ಎದ್ದೆ. ಮಾಮಿ ಏಳಲಿಲ್ಲ.

"ಡಾಕ್ಟ್ರೇ, ಒಂದು ಕೇಳ್ಬೇಕಿತ್ತು."

"ಕೇಳಿ ಅಮ್ಮ."

"ನನಗೆ ಐದು ಮಕ್ಕಳು. ಐವರಿಗೂ ಹಾಲು ಕೊಡುವಾಗ ನೋಂಬು ಹಿಡಿದಿದ್ದೆ. ನೋಂಬಿನ ತಿಂಗಳು ಮಧ್ಯಾಹ್ನದ ಮೇಲೆ ಅವು ತುಂಬಾ ಅಳ್ತಿದ್ದವು. ಹೊಟ್ಟೆನೋವು, ಗಾಳಿ ಅಂತ ನಾನು ಓಮದ ನೀರು ಕುಡಿಸ್ತಿದ್ದೆ. ಅದು ಹಸಿವಿಗೆ ಅತ್ತದ್ದಾ?"

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ನಾನು ನೋಡದ ಮಕ್ಕಳ ಬಗ್ಗೆ ಹೇಗೆ ಹೇಳ್ಲಿ ಅಮ್ಮ? ಮಕ್ಕಳು ಸೆಕೆಗೂ ಅಳ್ತವೆ, ನಿದ್ದೆ ಬಂದ್ರೂ ಅಳ್ತವೆ. ಈಗ ಎಲ್ಲ ಚೆನ್ನಾಗಿದ್ದಾರಲ್ವಾ?"

"ಚೆನ್ನಾಗಿದ್ದಾರೆ. ದೊಡ್ಡವನು ಇವಳ ಗಂಡ."

"ಹಾಗಾದ್ರೆ ಎಂತ ಆಗ್ಲಿಲ್ಲ. ನೀವು ಅದನ್ನು ಮಂಡೆಗೆ ಹಾಕ್ಕೊಳ್ಬೇಡಿ."

"ಇಲ್ಲ, ಎಂತ ಆಗ್ಲಿಲ್ಲ" ಎಂದು ಮಾಮಿ ಒಪ್ಪಿಕೊಂಡರು. ಇಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದ ಅದೇ ಮಾತು, ಈ ಸಲ ಬೆನ್ನು ಬಗ್ಗಿಸಿಕೊಂಡು ಹೇಳಿದರು.

ರಿಕ್ಷಾದಲ್ಲಿ ಕೂಸು ನನ್ನ ಸೆರಗಿನೊಳಗೆ ಕುಡಿಯುತ್ತಾ ಮಲಗಿತ್ತು. ಮಾಮಿ ಹೊರಗೆ ನೋಡುತ್ತಾ ಕೂತಿದ್ದರು. ಬಿಸಿಲು ನೆತ್ತಿಯ ಮೇಲಿತ್ತು, ಜನ ಹೋಟೆಲುಗಳಿಗೆ ಊಟಕ್ಕೆ ನುಗ್ಗುತ್ತಿದ್ದ ಹೊತ್ತು. ಇದ್ದಕ್ಕಿದ್ದಂತೆ ಅವರು ಪರ್ಸಿನಿಂದ ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟು, ಅವನಿಗೆ ಮಾಡಿಕೊಡು ಎಂದರು. ನಾನು ಒಂದೇ ಕೈಯಲ್ಲಿ ಗಂಡನ ನಂಬರ್ ಒತ್ತಿ ಕೊಟ್ಟೆ. ಕೂಸಿನ ತೂಕ ಏರಿದ್ದನ್ನು ಹೇಳುತ್ತಾರೆ ಎಂದುಕೊಂಡೆ. ಹಗಲು ಕೆಲಸದ ಹೊತ್ತಿನಲ್ಲಿ ಫೋನ್ ಬಂದದ್ದಕ್ಕೆ ಗಂಡ ಗಾಬರಿಯಿಂದಲೇ ಎತ್ತಿದರು. ಸ್ವರ ನನಗೂ ಕೇಳಿಸುತ್ತಿತ್ತು.

"ಎಂತ ಉಮ್ಮಾ? ಕೂಸಿಗೆ ಹುಷಾರಿಲ್ವಾ?"

"ಕೂಸು ಹುಷಾರುಂಟು. ನೀನು ಊಟ ಮಾಡಿದ್ಯಾ ಮೋನೇ?"

ಆ ಕಡೆಯಿಂದ ಅವರು ನಕ್ಕರು.

"ಎಂತ ಉಮ್ಮಾ ನೀವು? ಇವತ್ತು ನೋಂಬಲ್ವಾ?"

"ಹೌದಲ್ಲ, ನೋಂಬು" ಎಂದರು ಮಾಮಿ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದುಕೊಂಡು, "ಹಸಿವಾಗ್ತದಾ?" ಎಂದು ಕೇಳಿದರು.